ಮೂರು ಪರದೆಯ ಲಗ್ನಪತ್ರಿಕೆ

ಕೊಟ್ಟೂರಿನ ಗವಿಸಿದ್ದೇಶನ ಎಡ ಹೆಗಲ ಮೇಲೆ ಎಲೆಅಡಿಕೆಯ ಒಂದು ಕೆಂಪು ಹನಿ ಬಿದ್ದದ್ದೇ ಈ ಎಲ್ಲ ರಾದ್ಧಾಂತಕ್ಕೆ ಮೂಲ.

ಹನಿ ಬೀಳಿಸಿದವರನ್ನು ಬೈಯುವಂತಿರಲಿಲ್ಲ. ಅವರು ಗಿರಾಕಿಗಳು. ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಜೋಡಿಸಿಕೊಡುವುದು ಅವನ ಕಸುಬು. ನಮ್ಮ ಕಡೆ ಮದುವೆ ಗೊತ್ತಾಗುವುದು ಸುಲಭ, ಪತ್ರಿಕೆ ಗೊತ್ತಾಗುವುದು ಕಷ್ಟ. ಹುಡುಗ ಹುಡುಗಿ ಒಪ್ಪುತ್ತಾರೆ, ಬಂಗಾರದ ಮಾತೂ ಮುಗಿಯುತ್ತದೆ. ಆದರೆ ‘ತಮ್ಮ ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಮೊದಲ ಹೆಸರು ಯಾರದು ಎನ್ನುವಲ್ಲಿಗೆ ಬಂದಾಗ ಎರಡೂ ಕಡೆಯ ಹಿರಿಯರು, ಕಣ್ಣಿ ಬಿಚ್ಚಿದ ಕರುಗಳ ಹಾಗೆ, ಗವಿಸಿದ್ದೇಶನ ಬೆನ್ನ ಮೇಲೆ ಬೀಳುತ್ತಾರೆ. ಒಬ್ಬರ ಬೆರಳು ಪರದೆಗೆ, ಒಬ್ಬರ ಮೊಣಕೈ ಇವನ ಕುತ್ತಿಗೆಗೆ, ಬಾಯಿಯಲ್ಲಿದ್ದದ್ದು ಇವನ ಅಂಗಿಗೆ.

ಹೋದ ವರ್ಷ ಇಟ್ಟಿಗಿಯ ಜಂಬಣ್ಣ ಹಿರಿಮಗಳ ಪತ್ರಿಕೆಗೆ ಬಂದು, ದಿನವಿಡೀ ಜಗಳಾಡಿ, ಸಂಜೆ ಎದ್ದು ದಾವಣಗೆರೆಯ ಪ್ರೆಸ್ಸಿಗೆ ಹೋಗಿಬಿಟ್ಟಿದ್ದ. ಈಗ ಕಿರಿಮಗಳ ಮದುವೆ. ಹುಡುಗನ ದೊಡ್ಡಪ್ಪ, ಹಂಪಸಾಗರದ ಕೊಟ್ರಸ್ವಾಮಿಯೂ ಇವತ್ತು ಮಧ್ಯಾಹ್ನವೇ ಬರುವವನು. ಈ ಸಲವೂ ಇವರು ಮುನಿದು ಎದ್ದರೆ ಇಟ್ಟಿಗಿ ಕಡೆಯ ಗಿರಾಕಿಗಳನ್ನೆಲ್ಲ ದಾವಣಗೆರೆಗೆ ಧಾರೆ ಎರೆದು, ಅಂಗಡಿ ಮುಚ್ಚುವುದೊಂದೇ ಬಾಕಿ.

ಅದಕ್ಕೇ ಗವಿಸಿದ್ದೇಶ ಒಂದು ಉಪಾಯ ಹೂಡಿದ್ದ: ಒಂದೇ ಕಂಪ್ಯೂಟರಿಗೆ ಮೂರು ಪರದೆ. ಎಡಗಡೆ ಹೆಣ್ಣಿನವರಿಗೊಂದು, ಬಲಗಡೆ ಗಂಡಿನವರಿಗೊಂದು, ನಡುವೆ ತನಗೊಂದು. ಅವರವರು ಅವರವರ ಕುರ್ಚಿಯಲ್ಲೇ ಕೂತು ನೋಡಲಿ. ಹಳೆಯ ಮಾನಿಟರುಗಳು ಹೇಗೋ ಕೂಡಿದ್ದವು. ಬೇಕಾದದ್ದು ಮದರ್ ಬೋರ್ಡು ಮತ್ತು ಗ್ರಾಫಿಕ್ಸ್ ಕಾರ್ಡು. ಶಿವ ನಮಗೆಲ್ಲ ಎರಡು ಕಣ್ಣು ಕೊಟ್ಟು ಮೂರನೆಯದನ್ನು ತಾನೇ ಇಟ್ಟುಕೊಂಡದ್ದರಲ್ಲಿ ಏನೋ ಅರ್ಥವಿರಬೇಕು. ಗವಿಸಿದ್ದೇಶನಿಗೆ ಅದು ಹೊಳೆಯಲಿಲ್ಲ.

ಬೆಳಿಗ್ಗೆ ಹರಪನಹಳ್ಳಿಯ ಬಸ್ಸು ಹತ್ತಿದಾಗ ಪಕ್ಕದ ಮನೆಯ ಉಜ್ಜಿನಪ್ಪ ಕರೆಯದೆಯೇ ಜೊತೆಗೆ ಹತ್ತಿದ. ಉಜ್ಜಿನಪ್ಪ ಎತ್ತಿನ ಸಂತೆಯ ದಲ್ಲಾಳಿ. ಯಾರು ಏನು ಕೊಳ್ಳಲು ಹೊರಟರೂ ಅದು ಎತ್ತೇ ಎಂದು ತಿಳಿದವನು.

ಕಂಪ್ಯೂಟರ್ ಅಂಗಡಿಯ ಅಬ್ದುಲ್ ಮಜೀದ ಎರಡು ಬೋರ್ಡುಗಳನ್ನು ಮೇಜಿನ ಮೇಲಿಟ್ಟ.

“ನೋಡ್ರಿ, ಇದಕ್ಕ ಕಾರ್ಡು ಕೂಡಾಕ ಎರಡು ಜಾಗ ಅದಾವು. ಒಂದು ಕಾರ್ಡಿಗೆ ಎರಡು ಪರದಿ, ಇನ್ನೊಂದಕ್ಕ ಮೂರನೇದು. ನಿಮಗ ಇದ ಬೇಕು. ಈ ಸಣ್ಣದಕ್ಕ ಒಂದ ಜಾಗ. ಬೋರ್ಡಿನಾಗ ಪರದಿ ವಯರು ಸಿಗಿಸಾಕ ಸ್ವಂತದ್ದೊಂದು ಕಿಂಡಿ ಐತಿ, ಖರೆ. ಆದ್ರ...”

“ತಡೀರಿ ಸಾಬ್ರ,” ಎಂದ ಉಜ್ಜಿನಪ್ಪ ದೊಡ್ಡ ಬೋರ್ಡನ್ನು ಎತ್ತಿ, ಬೆಳಕಿಗೆ ಹಿಡಿದು, ಕಾರ್ಡು ಕೂರುವ ಸಂದಿಯಲ್ಲಿ ಬೆರಳಾಡಿಸಿದ. “ಹಲ್ಲು ಸವದಂಗ ಕಾಣ್ತಾವ. ಮೈಯೇನೋ ಐತಿ, ಕಸುವು ಕಾಣಂಗಿಲ್ಲ. ಈ ಸಣ್ಣದು ನೋಡಲೇ ಗವಿಸಿದ್ದಾ, ಎಳೇದು, ಚುರುಕು ಐತಿ.”

“ಮಾವ, ಇದು ಎತ್ತಲ್ಲ!”

“ಗೇಯೋದು ಯಾವುದಾದ್ರೂ ಎತ್ತ. ಕಾರ್ಡಿಗೆ ಎರಡು ಪರದಿ, ಬೋರ್ಡಿನ ಸ್ವಂತ ಕಿಂಡಿಗೆ ಒಂದು. ಮೂರಾತಿಲ್ಲೋ? ಮತ್ತೊಂದು ಕಾರ್ಡು ಯಾತಕ್ಕ?”

ಮಜೀದ ತಲೆ ಕೆರೆದುಕೊಂಡ. “ಆ ಲೆಕ್ಕ ನಡಿಯಂಗಿಲ್ರಿ. ಕಾರ್ಡು ಬಂದು ಕೂತಕೂಡ್ಲೆ ಬೋರ್ಡಿನ ಸ್ವಂತ ಕಿಂಡಿ ಕಣ್ಣು ಮುಚ್ಚತೈತಿ. ಸವತಿ ಬಂದ ಮ್ಯಾಲೆ ಹಿರೇಹೆಂಡ್ತಿ ಅಡಗಿಮನಿ ಬಾಗ್ಲಾ ಹಾಕ್ಕೊಂಡಂಗ.”

“ನಮ್ಮ ಮನಿಯಾಗ ಇಬ್ರೂ ಹೊಂದ್ಕೊಂಡು ಅದಾರ,” ಎಂದ ಉಜ್ಜಿನಪ್ಪ. ಮಜೀದ ದೊಡ್ಡ ಬೋರ್ಡನ್ನು ಎತ್ತಿ ಕಪಾಟಿಗೆ ಸೇರಿಸಿದ. ಗವಿಸಿದ್ದೇಶನೂ, ತಿಳಿದವನ ಮಾತಿಗಿಂತ ಗಟ್ಟಿ ದನಿಯವನ ಮಾತೇ ನಿಜವಿರಬೇಕೆಂಬ ನಮ್ಮೆಲ್ಲರ ನಂಬಿಕೆಯಂತೆ, ಸಣ್ಣ ಬೋರ್ಡನ್ನೂ, ಫ್ಯಾನು ದೊಡ್ಡದಿದ್ದ ಕಾರ್ಡನ್ನೂ ಕಟ್ಟಿಸಿಕೊಂಡು ಬಂದ.

ತಾಯಿ ನಾಗಲಿಂಗಮ್ಮ ಬೋರ್ಡಿಗೆ ಕೈಮುಗಿದು, ಅದನ್ನು ಕೂರಿಸಿದ ಕಂಪ್ಯೂಟರ್ ಡಬ್ಬಿಯ ಹಣೆಗೆ ವಿಭೂತಿ ಹಚ್ಚಿದಳು. ಗವಿಸಿದ್ದೇಶ ಸ್ವಿಚ್ ಒತ್ತಿದ. ಎಡದ ಪರದೆ ಬೆಳಗಿತು. ಬಲದ್ದೂ ಬೆಳಗಿತು. ನಡುವಿನದು, ಅವನ ಸ್ವಂತದ್ದು, ಅಮಾವಾಸ್ಯೆಯ ಬಾವಿಯ ಹಾಗೆ ಕಪ್ಪಗೇ ಉಳಿಯಿತು.

“ಹಿರೇಹೆಂಡ್ತಿ,” ಎಂದ ಗವಿಸಿದ್ದೇಶ ಹಲ್ಲು ಕಡಿದು.

“ಬೆಚ್ಚಗಾಗ್ಲಿ ತಡಿ,” ಎಂದ ಉಜ್ಜಿನಪ್ಪ.

ಬೆಚ್ಚಗಾದದ್ದು ಪಡಸಾಲೆ. ಅಷ್ಟರಲ್ಲಿ ಬೀಗರ ಎರಡು ಟೆಂಪೊ ಬಂದು ನಿಂತವು. ಇಟ್ಟಿಗಿಯವರು ಎಡಕ್ಕೆ, ಹಂಪಸಾಗರದವರು ಬಲಕ್ಕೆ ಕೂತರು. ಹೆಗಲ ಮೇಲೆ ಯಾರೂ ಬೀಳಲಿಲ್ಲ, ಅಷ್ಟು ಮಟ್ಟಿಗೆ ಉಪಾಯ ಫಲಿಸಿತ್ತು. ಗವಿಸಿದ್ದೇಶ ಮಾತ್ರ ಕಪ್ಪು ಪರದೆಯ ಮುಂದೆ ಕೂತು, ಅಕ್ಷರಕ್ಕೊಮ್ಮೆ ಎಡಕ್ಕೂ ಬಲಕ್ಕೂ ಗೋಣು ತಿರುವುತ್ತ ಕೋಲೆಬಸವನಂತಾದ.

“ಮೊದ್ಲ ಹೆಸರು ನಂದು. ಹೆಣ್ಣು ಕೊಡಾವ ನಾನು,” ಎಂದ ಜಂಬಣ್ಣ.

“ಹೆಣ್ಣು ತಗೊಂಡು ಹೋಗಾವ್ರ ನಾವಲ್ಲೇನು? ನಮ್ಮನಿಯಾಗ ಹಿರೇತನ ನಂದು,” ಎಂದ ಕೊಟ್ರಸ್ವಾಮಿ.

ಆಗಲೇ ಗವಿಸಿದ್ದೇಶನಿಗೆ ಒಂದು ಸಂಗತಿ ಕಂಡಿತು. ಎರಡು ಪರದೆಗಳು ಒಂದನ್ನೇ ತೋರುತ್ತಿರಲಿಲ್ಲ. ನಡುವೆ ಬದು ಇರುವ ಎರಡು ಹೊಲಗಳ ಹಾಗೆ ಅವು ಬೇರೆಬೇರೆ. ಇಲ್ಲಿ ಬಿತ್ತಿದ್ದು ಅಲ್ಲಿ ಕಾಣದು. ಮನುಷ್ಯನಿಗೆ ಕೆಟ್ಟ ಬುದ್ಧಿ ಬರುವುದು ಹೀಗೆ, ದೇವರು ತೋರಿಸಿದ ದಾರಿಯೇನೋ ಎನ್ನುವಷ್ಟು ಮೆಲ್ಲಗೆ. ಅವನು ಪತ್ರಿಕೆಯ ಇನ್ನೊಂದು ಪ್ರತಿ ಮಾಡಿ, ಎಡದ ಪರದೆಯಲ್ಲಿ ಜಂಬಣ್ಣನನ್ನು ಮೇಲೆ ಕೂರಿಸಿದ, ಬಲದ ಪರದೆಯಲ್ಲಿ ಕೊಟ್ರಸ್ವಾಮಿಯನ್ನು. ಅರ್ಧ ಹಾಗೆ ಅಚ್ಚು ಹಾಕಿಸಿ, ಅರ್ಧ ಹೀಗೆ ಹಾಕಿಸಿದರಾಯಿತು!

“ಈಗ ಸರಿ ಆತು ನೋಡು,” ಎಂದ ಜಂಬಣ್ಣ, ಮೀಸೆಯ ಮೇಲೆ ಕೈಯಾಡಿಸಿ.

“ಹಿಂಗಿರಬೇಕು,” ಎಂದ ಕೊಟ್ರಸ್ವಾಮಿ.

ಕೊಟ್ಟೂರಿನಲ್ಲಿ ಮೊದಲ ಹೆಸರು ಇಷ್ಟು ಬೇಗ ಇತ್ಯರ್ಥವಾದದ್ದು ಯಾರಿಗೂ ನೆನಪಿಲ್ಲ. ಬೀಗರು ಇಷ್ಟು ಸುಲಭಕ್ಕೆ ಸೋತರಲ್ಲ ಎಂದು ಜಂಬಣ್ಣನಿಗೆ ಕರುಣೆಯೇ ಬಂತು. ಎಲೆಅಡಿಕೆಯ ತಟ್ಟೆ ಹಿಡಿದು ಎದ್ದು ಹೋಗಿ, “ದೊಡ್ಡ ಮನಸು ಮಾಡಿದ್ರಿ ಬೀಗರ,” ಎನ್ನುತ್ತ ಬಲದ ಪರದೆಯನ್ನು ನೋಡಿದ.

ತಟ್ಟೆ ಕೆಳಗೆ ಬಿತ್ತು.

“ನನ್ನ ಹೆಸರೆಲ್ಲೋ?”

ಕೊಟ್ರಸ್ವಾಮಿ ಎದ್ದುಬಂದು ಎಡದ ಪರದೆ ನೋಡಿದ. “ನಂದೂ ಕೆಳಗ ಐತಲ್ಲೋ!”

ಅಲ್ಲಿಯವರೆಗೆ ಬದ್ಧವೈರಿಗಳಂತಿದ್ದ ಬೀಗರು ಆ ಗಳಿಗೆಯಲ್ಲಿ ಒಂದಾದರು. “ಬೀಗರ ನಡುವ ಬೆಂಕಿ ಹಚ್ತಿಯೇನಲೇ? ನಡೀರಿ ಬೀಗರ, ದಾವಣಗೆರಿಗೆ ಹೋಗಣ,” ಎಂದು ಹೆಗಲಿಗೆ ಹೆಗಲು ಕೊಟ್ಟು ಬಾಗಿಲಿಗೆ ನಡೆದರು.

ಆಗ ಅಡ್ಡಬಂದವನು ಉಜ್ಜಿನಪ್ಪ. ಹೆಗಲ ಟವೆಲನ್ನು ಕೊಡವಿ, ಇಬ್ಬರು ಹಿರಿಯರ ಕೈಗಳನ್ನೂ ಅದರಡಿ ಎಳೆದುಕೊಂಡ. ಸಂತೆಯಲ್ಲಿ ಎತ್ತಿನ ರೇಟು ಕುದುರುವುದು ಹೀಗೇ, ಬಾಯಿಲ್ಲದೆ, ಬಟ್ಟೆಯಡಿ ಬೆರಳು ಹಿಸುಕಿ. ಜಂಬಣ್ಣನ ಹುಬ್ಬು ಏರಿತು. ಕೊಟ್ರಸ್ವಾಮಿ ಬೇಡವೆಂದು ತಲೆಯಾಡಿಸಿದ. ಉಜ್ಜಿನಪ್ಪ ಅವನ ಕಿವಿಯಲ್ಲೇನೋ ಉಸುರಿ, ಮತ್ತೊಂದು ಬೆರಳು ಹಿಸುಕಿದ. ಇಬ್ಬರೂ ಗವಿಸಿದ್ದೇಶನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

“ಕುದುರಿತು!” ಎಂದು ಉಜ್ಜಿನಪ್ಪ ಟವೆಲು ಸರಕ್ಕನೆ ಎಳೆದ. “ಇವರದೂ ಬ್ಯಾಡ, ಅವರದೂ ಬ್ಯಾಡ. ಮ್ಯಾಲೆ ನಿನ್ನ ಹೆಸರು ಹಾಕಲೇ ಗವಿಸಿದ್ದಾ. ಅದರ ಕೆಳಗ ಇಬ್ರೂ ಜೋಡಿ.”

ಗವಿಸಿದ್ದೇಶನಿಗೆ ಕಣ್ಣು ತುಂಬಿ ಬಂತು. ಎಂಥ ಮನೆತನಗಳು! ಅವುಗಳ ಮೇಲೆ ತನ್ನ ಹೆಸರು! ದಾವಣಗೆರೆಯವರು ಇದನ್ನು ನೋಡಬೇಕು. ‘ಶ್ರೀ ಗವಿಸಿದ್ದೇಶಪ್ಪನವರು’ ಎಂದು ದಪ್ಪಕ್ಷರದಲ್ಲಿ ಒತ್ತಿದ. ಬೀಗರು ನಗುನಗುತ್ತ ಟೆಂಪೊ ಹತ್ತಿದರು.

ನಾಗಲಿಂಗಮ್ಮ ಮಾತ್ರ ಕಂಬಕ್ಕೆ ಒರಗಿ ಕೂತಿದ್ದಳು. “ಮ್ಯಾಲೆ ಹೆಸರಿದ್ದಾವ ಏನು ಮಾಡಬೇಕು ಗೊತ್ತೈತೇನಪ? ಹೊತ್ತು ಮೂಡೋಕಿಂತ ಮೊದ್ಲ ಹಂದ್ರದ ಬಾಗ್ಲಾಗ ನಿಂತು ಬಂದವರಿಗೆಲ್ಲ ಕೈಮುಗಿಬೇಕು. ಮೊದ್ಲ ಮುಯ್ಯಿ ಅವಂದ. ಎರಡೂ ಮನಿಗೆ ಬಟ್ಟಿಬರೆ, ಮದುಮಗಳಿಗೆ ಬಂಗಾರ.”

ಗವಿಸಿದ್ದೇಶ ಉಜ್ಜಿನಪ್ಪನ ಕಡೆ ತಿರುಗಿದ. “ಮಾವ, ಟವೆಲ್ಲಿನಾಗ ಕುದುರ್ಸಿದ್ದು...?”

“ಅವರು ಎರಡು ಎಳಿ ಬಂಗಾರದ ಸರ ಕೇಳಿದ್ರಲೇ, ನಾ ಒಂದು ಉಂಗುರಕ್ಕ ಇಳಿಸೀನಿ,” ಎಂದ ಉಜ್ಜಿನಪ್ಪ ಹೆಮ್ಮೆಯಿಂದ. ಆ ಸುದ್ದಿಯನ್ನು ಬಸ್ಟ್ಯಾಂಡಿನಲ್ಲಿ ಹೇಳದಿದ್ದರೆ ಅವನಿಗೆ ಚಹಾ ಇಳಿಯುವುದಿಲ್ಲ. ಎದ್ದು ಹೊರಟೇಬಿಟ್ಟ.

ದೀಪ ಹಚ್ಚುವ ಹೊತ್ತಿಗೆ ಹಡಗಲಿ ಕಡೆಯ ಒಬ್ಬ ಹಿರಿಯರು ಬಂದು ಕುರ್ಚಿಯಲ್ಲಿ ಕೂತರು. ಗವಿಸಿದ್ದೇಶ ಪರದೆಯನ್ನು ಅವರತ್ತ ತಿರುಗಿಸಹೋದ.

“ತೋರ್ಸೋದೇನೂ ಬ್ಯಾಡಪ. ಬೀಗರಿಗೂ ನಮಗೂ ಹೆಸರಿಂದು ತಕರಾರು. ಮ್ಯಾಲೆ ನಿಂದ ಹಾಕಿಬಿಡು, ನಮಗ ಒಪ್ಪಿಗಿ ಐತಿ.”

“ಮದುವಿ ಯಾವತ್ರಿ?”

“ಹುಣ್ವಿ ಆದ ಮ್ಯಾಲಿನ ಸೋಮವಾರ, ಮುಂಜಾನಿ ಒಂಬತ್ತಕ್ಕ.”

ಜಂಬಣ್ಣನ ಮಗಳದೂ ಅದೇ ಸೋಮವಾರ, ಅದೇ ಮುಹೂರ್ತ. ಗವಿಸಿದ್ದೇಶ ಅದನ್ನು ಹೇಳಹೋದ. ಅಷ್ಟರಲ್ಲಿ ಹೊಸ್ತಿಲಾಚೆ ಮತ್ತಷ್ಟು ಜನ ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಯಾರೋ ಒಬ್ಬರು ನಾಗಲಿಂಗಮ್ಮನನ್ನು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು:

“ಯವ್ವಾ, ಎಲ್ಲಾರ ಮದುವಿಗೂ ಮೊದ್ಲ ಮುಯ್ಯಿ ಮಾಡೋ ಗವಿಸಿದ್ದೇಶಪ್ಪಾರ ಮನಿ ಇದ ಏನು?”