ಅಳಿಸದ ವಿಳಾಸದಲ್ಲಿ ಹಾಲಮ್ಮಜ್ಜಿ

ಘಟನೆಗಳ ಕ್ರಮ ಹೀಗಿದೆ: ಗುರುವಾರ ಚಿಕ್ಕಮ್ಮನ ಗ್ರೈಂಡರ್ ರಿಪೇರಿಗೆ ಹೋಯಿತು, ಶುಕ್ರವಾರ ಮಧ್ಯಾಹ್ನ ಅಜ್ಜಿಯ ಕುರ್ಚಿ ಸಿದ್ಧವಾಯಿತು, ಅದೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕುರ್ಚಿ ರುಬ್ಬಲಾರಂಭಿಸಿತು.

ದಾವಣಗೆರೆಯ ನನ್ನ ಚಿಕ್ಕಪ್ಪ ಫಾಲಾಕ್ಷಪ್ಪನವರು ಮನೆಯ ಯಂತ್ರಗಳೆಲ್ಲವನ್ನೂ ಒಂದೇ ಕಂಪ್ಯೂಟರ್ ಪೆಟ್ಟಿಗೆಗೆ ಜೋಡಿಸಿದ್ದರು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದ ತಮ್ಮ ತಾಯಿ ಹಾಲಮ್ಮಜ್ಜಿಯನ್ನು ಬೇಕಾದ ದಿಕ್ಕಿಗೆ ತಿರುಗಿಸಿ, ಮುಂದಕ್ಕೆ ಬಾಗಿಸಿ, ಎಬ್ಬಿಸಿ ನಿಲ್ಲಿಸುವ ಕುರ್ಚಿ ಅವರ ಹೊಸ ಸೃಷ್ಟಿ.

“ನೋಡು ನೀಲಾ,” ಎಂದು ಚಿಕ್ಕಪ್ಪ ನನ್ನನ್ನು ಕರೆದರು, “ಬೇರೆಯವರು ಆಪರೇಟಿಂಗ್ ಸಿಸ್ಟಮ್ಮಿನ ಕೈಕಾಲು ಹಿಡೀತಾರೆ. ನನ್ನ ಪ್ರೋಗ್ರಾಮು ಯಂತ್ರದ ಜೊತೆ ನೇರವಾಗಿ ಮಾತಾಡುತ್ತೆ! ಮೆಮೊರಿಯಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ. ಅಲ್ಲಿ ಅಂಕಿ ಬರೆದರೆ ಇಲ್ಲಿ ಮೋಟಾರು ತಿರುಗುತ್ತೆ!”

“ಗ್ರೈಂಡರಿನ ಜಾಗಕ್ಕೇ ಕುರ್ಚಿಯ ವೈರು ಸಿಕ್ಕಿಸಿದ್ದೀರಿ. ಅದರ ಹಳೆಯ ವಿಳಾಸ ಅಳಿಸಿದಿರಾ?” ಎಂದು ಕೇಳಿದೆ.

ಅವರು ಅಳಿಸಲು ಕೈಯೆತ್ತಿದ್ದೇ ತಡ, ಚಿಕ್ಕಮ್ಮ ಸರ್ವಮಂಗಳಾ ಅಡುಗೆಮನೆಯಿಂದ ಕೂಗಿದರು: “ಏನ್ರೀ ಅದು ಅಳಿಸೋದು? ಶುಕ್ರವಾರ ಮನೆಯಿಂದ ಒಂದು ಕಡ್ಡೀನೂ ತೆಗೀಬಾರ್ದು, ಲಕ್ಷ್ಮಿ ಹೋಗ್ತಾಳೆ! ನಾಳೆ ಅಳಿಸ್ಕೊಳ್ಳಿ.”

“ಬರೀ ಅಂಕಿ ಕಣೇ!”

“ಅಂಕಿಯಾದ್ರೇನು, ನಮ್ಮ ಮನೇದು ತಾನೆ?”

ಚಿಕ್ಕಪ್ಪ ಕೈ ಇಳಿಸಿದರು. ಅಜ್ಜಿ ಕುರ್ಚಿಯೇರಿದರು.

ಪ್ರತಿ ಸಂಜೆ ದೋಸೆಹಿಟ್ಟು ರುಬ್ಬಬೇಕೆಂಬ ಆಜ್ಞೆ ಪೆಟ್ಟಿಗೆಯಲ್ಲಿ ಹಾಗೆಯೇ ಉಳಿದಿತ್ತು. ಕುರ್ಚಿ ಮೆಲ್ಲನೆ ಒಂದು ಸುತ್ತು ಬಂತು.

“ಲೇ ಫಾಲಾಕ್ಷ, ಚಂದ ಐತಿ!” ಎಂದರು ಅಜ್ಜಿ. ಮುಂದಿನ ಸುತ್ತಿಗೆ ಸೆರಗು ಹಾರಿತು. ಅದರ ಮುಂದಿನದಕ್ಕೆ ಎಲೆಯಡಿಕೆ ಚೀಲ ಹಾರಿ ಗೋಡೆ ಗಡಿಯಾರಕ್ಕೆ ಬಡಿಯಿತು. “ಸಾಕೋ! ನಿಲ್ಲಿಸೋ!”

ಚಿಕ್ಕಪ್ಪ ಕುರ್ಚಿ ನಿಲ್ಲಿಸುವ ಗುಂಡಿ ಒತ್ತಿದರು. ಕುರ್ಚಿ ಕ್ಷಣಕಾಲ ತಡೆದು ಮತ್ತೆ ತಿರುಗಿತು. ಒಂದೇ ಮೋಟಾರಿಗೆ ಎರಡು ವಿಳಾಸ! ಕುರ್ಚಿಯದು ‘ನಿಲ್ಲು’ ಎನ್ನುತ್ತಿತ್ತು. ಗ್ರೈಂಡರಿನದು ‘ತಿರುಗು’ ಎನ್ನುತ್ತಿತ್ತು.

“ಹಿಟ್ಟು ಗಟ್ಟಿಯಾಗಿದೆ,” ಎಂದಿತು ಪೆಟ್ಟಿಗೆ. “ವೇಗ ಹೆಚ್ಚಿಸಲಾಗುತ್ತಿದೆ.”

“ವೈರು ಕೀಳ್ರೀ!” ಚಿಕ್ಕಮ್ಮ ಚೀರಿದರು.

“ಕಿತ್ತರೆ ಕೊನೇ ಆಜ್ಞೇನೇ ಹಿಡ್ಕೊಂಡು ಸುತ್ತುತ್ತೆ ಕಣೇ! ಕುರ್ಚಿಗೆ ಸ್ವಂತ ಬ್ಯಾಟರಿ ಇಟ್ಟಿದ್ದೀನಿ!”

“ಯಾರು ಇಡಿ ಅಂದ್ರು?”

ಅಜ್ಜಿಯ ಕೂಗು ಈಗ ಸುತ್ತಿಗೊಮ್ಮೆ ಮಾತ್ರ ನಮ್ಮ ಕಡೆ ಬರುತ್ತಿತ್ತು. ಹೊಲಿಗೆ ಇನ್ನೂ ಮಾಯದ ಆ ಮೊಣಕಾಲು ನೆಲಕ್ಕೆ ಬಡಿದರೆ? ಮುಂದಕ್ಕೆ ಯೋಚಿಸಲು ನನಗೆ ಧೈರ್ಯವಾಗಲಿಲ್ಲ.

ಆಗ ಕುರ್ಚಿ ತಾನಾಗಿಯೇ ನಿಂತಿತು. ನಾವು ಉಸಿರುಬಿಡುವ ಮೊದಲೇ ಪೆಟ್ಟಿಗೆ ನುಡಿಯಿತು: “ಹಿಟ್ಟು ಹದಕ್ಕೆ ಬಂದಿದೆ. ಸುರಿಯಲಾಗುವುದು.”

ನಮ್ಮ ಗ್ರೈಂಡರ್ ತಾನೇ ಬಾಗಿ ಹಿಟ್ಟು ಸುರಿಯುವ ಬಗೆಯದು. ಕುರ್ಚಿ ಮುಂದಕ್ಕೆ ವಾಲತೊಡಗಿತು. ಅಜ್ಜಿ ಎರಡೂ ಕೈಗಳಿಂದ ಅದರ ತೋಳುಗಳನ್ನು ಅವುಚಿಕೊಂಡರು. ನಾನೂ ಚಿಕ್ಕಮ್ಮನೂ ಓಡಿದೆವು. ನಾನು ಅಜ್ಜಿಯ ಭುಜ ಹಿಡಿದೆ, ಚಿಕ್ಕಮ್ಮ ಅಭ್ಯಾಸಬಲದಿಂದ ಕೆಳಗೆ ಹಿಟ್ಟಿನ ಪಾತ್ರೆ ಇಟ್ಟರು!

ಚಿಕ್ಕಪ್ಪ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟರು. “ಸರ್ವಮಂಗಳಾ, ಅಳಿಸಲಾ?”

“ಅಯ್ಯೋ ಅತ್ತೆ... ಶುಕ್ರವಾರ...”

“ಲಕ್ಷ್ಮಿ ಹೋದ್ರೆ ನಾಳೆ ಬರ್ತಾಳೆ, ನಾನು ಹೋದ್ರೆ ಬರ್ತೀನೇನೇ?” ಅಜ್ಜಿ ಗುಡುಗಿದರು. “ಅಳಿಸೋ ನನ್ನ ಮಗನೇ!”

ಹಳೆಯ ವಿಳಾಸ ಅಳಿಯಿತು. ‘ನಿಲ್ಲು’ ಎಂಬ ಆಜ್ಞೆಗೆ ಈಗ ಎದುರಾಡುವವರಿರಲಿಲ್ಲ. ಕುರ್ಚಿ ವಾಲಿದಲ್ಲೇ ನಿಂತಿತು. ಅಜ್ಜಿಯ ಎರಡೂ ಪಾದಗಳು ಪಾತ್ರೆಯೊಳಗಿದ್ದವು.

ಪರಿಶೀಲನೆಯಿಂದ ಕಂಡುಬಂದದ್ದು: ಮೊಣಕಾಲು ಸುರಕ್ಷಿತ; ವಿಳಾಸ ಖಾಲಿ; ಲಕ್ಷ್ಮಿ ಹೊರಟುಹೋದಳೆಂಬುದಕ್ಕೆ ಯಾವ ಪುರಾವೆಯೂ ದೊರೆಯಲಿಲ್ಲ.