ಜಯಮ್ಮನವರಿಗೆ ಸೋಫಾ ಕೊಡಲು ಹೋಗಿ

ದಾನ ಮಾಡುವ ಬುದ್ಧಿ ನನಗೆ ಬರುವುದು ಮನೆಯಲ್ಲಿ ಜಾಗ ಸಾಲದಾದಾಗ ಮಾತ್ರ ಎಂದು ನನ್ನ ಹೆಂಡತಿ ಸುಮಾ ಹೇಳುತ್ತಾಳೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಇಂಥ ಮಾತಿಗೆ ಎದುರಾಡಲು ಹೋಗಬಾರದು. ಆದರೂ ಹೋದೆ. ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಹೊಸ ಸೋಫಾ ಬರುವುದಿತ್ತು. ಹಳೆಯದು ಮೂವರು ಕೂರುವಂಥದ್ದು. ನಡುವೆ ಕೂತವರು ಸ್ವಲ್ಪ ಹೊತ್ತಿಗೆ ಕುಸಿದು ಪಕ್ಕದವರ ಮೊಣಕೈ ಮಟ್ಟಕ್ಕೆ ಇಳಿಯುತ್ತಿದ್ದರು, ಅಷ್ಟೇ. ಹಳೆ ಸಾಮಾನು ಕೊಳ್ಳುವವನು ಅದನ್ನು ಒಮ್ಮೆ ಒತ್ತಿ ನೋಡಿ, "ಇದನ್ನ ನಾನ್ ಎಲ್ಲಿ ಇಟ್ಕೊಳ್ಳಲಿ ಸಾರ್?" ಎಂದು ಹೊರಟೇಹೋದ. ಆ ಕ್ಷಣದಲ್ಲೇ ನನಗೆ ಜಯಮ್ಮನವರ ನೆನಪಾಯಿತು.

ಜಯಮ್ಮ ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಿರುವವರು. ಅಷ್ಟೂ ವರ್ಷ ಆ ಸೋಫಾದ ಕೆಳಗೆ ಬಗ್ಗಿ ಗುಡಿಸಿದ್ದಾರೆ, ಮೇಲೆ ಒಮ್ಮೆಯೂ ಕೂತಿಲ್ಲ. ಟೀ ಕುಡಿಯುವುದು ಅಡುಗೆಮನೆಯ ಬಾಗಿಲಲ್ಲಿ, ನೆಲದ ಮೇಲೆ. ಕೂರಬೇಡಿ ಎಂದು ನಾವು ಹೇಳಿಲ್ಲ. ಕೂರಿ ಎಂದೂ ಹೇಳಿಲ್ಲ.

"ಜಯಮ್ಮ, ಈ ಸೋಫಾ ನೀವು ತಗೊಂಡ್ಹೋಗಿ."

"ಬ್ಯಾಡ ಬಿಡಿ ಸಾರ್."

"ಸಂಕೋಚ ಮಾಡ್ಕೋಬೇಡಿ."

"ಸಂಕೋಚ ಅಲ್ಲ ಸಾರ್, ಮನೇಲಿ ಜಾಗ..."

"ಮಾಡಿದ್ರೆ ಆಗುತ್ತೆ!" ಎಂದೆ. ಹೇಗೆ ಮಾಡುವುದೆಂದು ನನಗೇ ಗೊತ್ತಿರಲಿಲ್ಲ. ಮೂರು ರೂಮಿನ ಮನೆಯಲ್ಲಿ ನಮಗೇ ಅದು ಆಗಿರಲಿಲ್ಲ.

ಶನಿವಾರ ಲಗೇಜ್ ಆಟೋದಲ್ಲಿ ಸೋಫಾ ಹೇರಿಸಿಕೊಂಡು ಮಾಗಡಿ ರಸ್ತೆಯಾಚೆಯ ಅವರ ವಠಾರಕ್ಕೆ ಖುದ್ದಾಗಿ ಹೋದೆ. ಗಲ್ಲಿ ಶುರುವಾಗುವಲ್ಲೇ ಆಟೋ ನಿಂತಿತು. ನಾನೂ ಡ್ರೈವರೂ ಹೊತ್ತು ನಡೆದೆವು. ಜಯಮ್ಮನವರ ಬಾಗಿಲಲ್ಲಿ ಸೋಫಾ ಉದ್ದಕ್ಕೂ ಹೋಗಲಿಲ್ಲ, ಅಡ್ಡಕ್ಕೂ ಹೋಗಲಿಲ್ಲ. ಎತ್ತಿ ನಿಲ್ಲಿಸಿದರೆ ಮೇಲಿನ ತಗಡಿನ ಶೀಟಿಗೆ ಬಡಿಯಿತು. ಒಳಗಿದ್ದದ್ದು ಒಂದೇ ಕೋಣೆ: ಒಂದು ಮಂಚ, ಒಂದು ಸ್ಟೌ, ಮತ್ತೆ ಉಳಿದ ಜಾಗವನ್ನೆಲ್ಲ ನುಂಗಿಕೊಂಡು ಒಂದು ಟ್ರೆಡ್‌ಮಿಲ್.

"ಇದ್ಯಾಕೆ ಜಯಮ್ಮ?"

"ಬಸವೇಶ್ವರನಗರದ ಮೇಡಮ್ ಕೊಟ್ರು ಸಾರ್. ಬ್ಯಾಡ ಅನ್ನೋಕಾಗ್ಲಿಲ್ಲ." ಅದರ ಹಿಡಿಗಳ ಮೇಲೆ ಟವೆಲ್ಲು, ಲಂಗ ಒಣಗುತ್ತಿದ್ದವು.

ಅಷ್ಟರಲ್ಲಿ ಗಲ್ಲಿಯೇ ಮುಚ್ಚಿಹೋಗಿತ್ತು. ಆ ಕಡೆ ನೀರಿನ ಬಿಂದಿಗೆ ಹಿಡಿದ ಮೂವರು ಹೆಂಗಸರು, ಈ ಕಡೆ ಸ್ಕೂಟರಿನವನೊಬ್ಬ. "ಯಾರ್ದು ಗುರು ಇದು? ದಾರಿ ಬಿಡ್ರೀ!" ಎಂದು ಅವನು ಕೂಗಿದ. "ನಮ್ ಸಾರ್ ತಂದಿರೋದು ಕಣಣ್ಣ, ಒಂದ್ನಿಮಿಷ ತಡ್ಕಳಿ" ಎಂದು ಜಯಮ್ಮ ಒಬ್ಬೊಬ್ಬರನ್ನೇ ಬೇಡಿಕೊಳ್ಳುತ್ತಿದ್ದರು. ನನ್ನ ಔದಾರ್ಯಕ್ಕಾಗಿ ಅವರು ಇಡೀ ಗಲ್ಲಿಯ ಕ್ಷಮೆ ಕೇಳುವುದನ್ನು ನಾನು ಸೋಫಾದ ಒಂದು ತುದಿ ಹಿಡಿದು ನಿಂತು ಕೇಳಿಸಿಕೊಂಡೆ. ವಾಪಸ್ಸು ತಂದು ನಮ್ಮ ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಹಾಕಿದ್ದಾಯಿತು.

ಮರುದಿನ ಭಾನುವಾರ ಅವರು ಎಂದಿನಂತೆ ಕೆಲಸಕ್ಕೆ ಬಂದರು. ನಾನು ರೇಗಿಯೇ ಕೇಳಿದೆ: "ಬೇಡ ಅಂತ ಗಟ್ಟಿಯಾಗಿ ಹೇಳಬಾರದಿತ್ತಾ? ಹೋಗ್ಲಿ, ಏನು ಬೇಕು ಅಂತಾದ್ರೂ ಹೇಳಿ!"

ಜಯಮ್ಮ ಒರೆಸುವ ಬಟ್ಟೆ ಹಿಂಡುತ್ತಾ, ಎಷ್ಟೋ ದಿನದಿಂದ ನಾಲಿಗೆ ತುದಿಯಲ್ಲಿದ್ದ ಮಾತಿನಂತೆ, "ಭಾನುವಾರ ರಜ ಕೊಡಿ ಸಾರ್. ನಮ್ಮಕ್ಕ ಕೆಂಗೇರೀಲಿ ಅವ್ಳೆ, ಕಾಲು ಸ್ವಾಧೀನ ಇಲ್ಲ. ಹೋಗಿ ನೋಡ್ಕೊಂಡು ಬರೋಕೆ ಒಂದಿನಾನೂ ಸಿಗ್ತಿಲ್ಲ" ಎಂದರು.

ನಾನು ಸುಮಾಳ ಮುಖ ನೋಡಿದೆ. ಸುಮಾ ಸಿಂಕ್ ನೋಡಿದಳು. ಸೋಫಾ ಬೇಡವೆಂದರೂ ಹೊತ್ತುಕೊಂಡು ಹೋಗಿದ್ದ ನಾನು, "ಯೋಚನೆ ಮಾಡಿ ಹೇಳ್ತೀನಿ" ಎಂದೆ. ಆ ಯೋಚನೆಗೆ ಮೂರು ವಾರ ಹಿಡಿಯಿತು. ಕೊನೆಗೆ ಸುಮಾಳೇ, "ನಾಚಿಕೆ ಆಗಲ್ವೇನ್ರೀ ನಮ್ಗೆ?" ಎಂದು ರಜ ಕೊಟ್ಟುಬಿಟ್ಟಳು.

ಮೊದಲ ಭಾನುವಾರ ಪಾತ್ರೆ ನನ್ನ ಪಾಲಿಗೆ ಬಂತು. ಇಬ್ಬರು ತಿಂದದ್ದಕ್ಕೆ ಅಷ್ಟು ಪಾತ್ರೆ ಹೇಗಾಯಿತೋ ದೇವರೇ ಬಲ್ಲ. ಇಡ್ಲಿ ತಟ್ಟೆಯ ಗುಳಿಗಳನ್ನು ಒಂದೊಂದಾಗಿ ಉಜ್ಜುತ್ತಾ, ಇಡ್ಲಿ ಕಂಡುಹಿಡಿದವನಿಗೆ ಹಿಡಿಶಾಪ ಹಾಕಿದೆ. ಸೊಂಟ ಹಿಡಿಯಿತು. ಎರಡನೆಯ ಭಾನುವಾರ ಬೆಳಿಗ್ಗೆಯೇ, "ಅಡುಗೆ ಬೇಡ ಬಿಡು, ವಿಜಯನಗರದಲ್ಲಿ ಎಲ್ಲಾದ್ರೂ ಹೋಟೆಲಿಗೆ ಹೋಗೋಣ" ಎಂದೆ.

ಹೋದೆವು. ತಿಂದು ಮುಗಿಸುತ್ತಲೇ ಜಯಮ್ಮನವರ ವಯಸ್ಸಿನ ಹೆಂಗಸೊಬ್ಬರು ಬಂದು, ತಟ್ಟೆ ಎತ್ತಿ, ಟೇಬಲ್ ಒರೆಸತೊಡಗಿದರು. ನಿಮಗೆ ಯಾವತ್ತು ರಜ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಇನ್ನೆರಡು ಕಾಫಿ ಹೇಳಿದೆ.