ನಮ್ಮ ಹೈಸ್ಕೂಲಿನ ನೂರು ಶತಮಾನ

ಕನ್ನಡವನ್ನೂ ಮಲಯಾಳವನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರೆ ಇಂಥವು ನಡೆಯದೆ ಇನ್ನೇನು ನಡೆಯುತ್ತೆ? ವಯನಾಡಿನ ಗಡಿಯಲ್ಲಿರುವ ನಮ್ಮ ಸರ್ಕಾರಿ ಹೈಸ್ಕೂಲಿಗೆ ಕಾಡಂಚಿನ ಮನೆಗಳಿಂದ ಮಕ್ಕಳನ್ನು ತರುವ ಜೀಪು ನನ್ನದು. ನಾನೂ ಇಲ್ಲೇ ಓದಿದವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಎರಡರಲ್ಲೂ ನನ್ನನ್ನು ಮಾತಲ್ಲಿ ಸೋಲಿಸುವವರು ಇನ್ನೂ ಹುಟ್ಟಿಲ್ಲ. ಶಾಲೆ ನಡೆಸುವುದು ಹೆಡ್ಮಾಷು, ಅಂದರೆ ಹೆಡ್‌ಮಾಸ್ತರು, ಅಂತ ಬೋರ್ಡಿನಲ್ಲಿ ಬರೆದಿದೆ. ಒಂದು ದಿನ ಜೀಪು ಕೆಟ್ಟು ನಿಂತರೆ ನಡೆಸುವವರು ಯಾರು ಅಂತ ಗೊತ್ತಾಗುತ್ತೆ.

ಹೋದ ಸಲ ಹತ್ತನೇ ಕ್ಲಾಸಿನಲ್ಲಿ ಒಬ್ಬನೇ ಒಬ್ಬ ಫೇಲಾಗಿ ಪೂರ್ತಿ ಫಲಿತಾಂಶ ಕೈತಪ್ಪಿತು. ಮೀನಂಗಡಿ ಎಂಬ ಊರಿನಿಂದ ಬರುವ ನಮ್ಮ ಹೆಡ್ಮಾಷು ದುಃಖಕ್ಕೆ ಊಟದ ಡಬ್ಬಿಯನ್ನೇ ತೆರೆಯಲಿಲ್ಲ. ಈ ವರ್ಷ ಒಬ್ಬರೂ ಬೀಳಬಾರದು ಅಂತ ಅವರು ಸ್ಟಾಫ್ ರೂಮಿನಲ್ಲಿ ಹೇಳಿದರು. ಬೀಳೋಕೆ ನಾನು ಬಿಡಲ್ಲ ಅಂತ ನಾನು ಚಾಯ್ ಅಂಗಡಿಯಲ್ಲಿ ಹೇಳಿದೆ. ಅವರ ಮಾತು ಕಾಂಪೌಂಡ್ ದಾಟಲಿಲ್ಲ, ನನ್ನದು ಗುಂಡ್ಲುಪೇಟೆಯವರೆಗೂ ಹೋಯಿತು. ಇನ್ನು ಹಿಂದೆಗೆಯುವ ಹಾಗಿಲ್ಲ.

ಮನೆಮಾತು

ಈ ವರ್ಷದ ಶಾಲೆ ಶುರುವಾದ ಹೊಸತರಲ್ಲಿ ಮೇಲಿನ ಆಫೀಸಿನವರೊಬ್ಬರು ಬಂದರು. ಯಾವ ಮಗು ಯಾವ ಜನ, ಮನೆಮಾತು ಏನು, ಎಲ್ಲ ಕಂಪ್ಯೂಟರಿಗೆ ತುಂಬಬೇಕಂತೆ. ನಮ್ಮಲ್ಲಿ ಕಾಡಿನ ಜನದ ಮಕ್ಕಳು, ಜೈನರ ಮನೆಯವರು, ಅಂಗಡಿಯವರು, ತೋಟದ ಕೆಲಸಗಾರರ ಮಕ್ಕಳು, ಎಲ್ಲ ಇದ್ದಾರೆ. ಆ ಕಂಪ್ಯೂಟರಿನಲ್ಲಿ ಮಾತ್ರ ಒಬ್ಬರಿಗೆ ಒಂದೇ ಭಾಷೆ ಹಿಡಿಸೋದು.

ಕಾಡಿನ ಕಡೆಯ ಹುಡುಗಿಯೊಬ್ಬಳನ್ನು ಕೇಳಿದರು. ಅವಳು, "ಅವ್ವನ ಹತ್ರ ನಮ್ಮ ಮಾತು, ಅಂಗಡೀಲಿ ಕನ್ನಡ, ಟೀಚರ್ ಹತ್ರ ಮಲಯಾಳ" ಅಂದಳು.

"ಹಂಗಲ್ಲ ಮಗಳೇ, ಒಂದೇ ಹೇಳು. ದಿನಾ ಜೀಪಲ್ಲಿ ಬರ್ತೀರಲ್ಲ, ಆಗ ಏನು ಮಾತಾಡ್ತೀರಿ?"

"ಜೀಪಲ್ಲಿ ಈ ಅಣ್ಣ ಒಬ್ನೇ ಮಾತಾಡೋದು ಸಾರ್. ನಮಗೆ ಸಂದೇ ಸಿಗಲ್ಲ."

ಹೆಡ್ಮಾಷಿನ ಗುರಿ

ಪೋಷಕರ ಸಭೆಯಲ್ಲಿ ಹೆಡ್ಮಾಷು ಎದ್ದು ನಿಂತು, "ಈ ವರ್ಷ ನೂರು ಶತಮಾನಂ ವಿಜಯಂ" ಎಂದರು. ಮಲಯಾಳದಲ್ಲಿ ಶತಮಾನ ಅಂದರೆ ಶೇಕಡಾ. ನೂರಕ್ಕೆ ನೂರು ಪಾಸು ಅಂತ ಅರ್ಥ. ಎಲ್ಲರೂ ಚಪ್ಪಾಳೆ ಹೊಡೆದರು, ಹಿಂದಿನ ಸಾಲಿನ ಒಬ್ಬರನ್ನು ಬಿಟ್ಟು. ಅವರು ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿಯ ಕಾಫಿ ತೋಟದಲ್ಲಿ ಕೆಲಸಕ್ಕೆ ನಿಂತವರು. ಮಗ ಹತ್ತನೇ ಕ್ಲಾಸು. ಬೇರೆ ಎಲ್ಲದರಲ್ಲೂ ಚುರುಕು, ಮಲಯಾಳ ಮಾತ್ರ ಕುಂಟು. ಈ ಸಲ ನೂರು ತಪ್ಪಿದರೆ ಅವನಿಂದಲೇ ತಪ್ಪಬೇಕು ಅಂತ ಎಲ್ಲರಿಗೂ ಗೊತ್ತಿತ್ತು.

ಆ ಅಪ್ಪ ಬೆರಳು ಮಡಚಿ ಏನೋ ಲೆಕ್ಕ ಹಾಕಿ, ನನ್ನ ಕಿವಿಯ ಹತ್ತಿರ ಬಾಗಿದರು. "ತಮ್ಮಾ, ನೂರು ಶತಮಾನ ಅಂದ್ರೆ ಹತ್ತು ಸಾವಿರ ವರ್ಷ. ನಮ್ಮ ಹೈದ ಸ್ವಲ್ಪ ನಿಧಾನ, ಒಪ್ಕೋತೀನಿ. ಅಷ್ಟೊಂದು ಬೇಕಾಗುತ್ತಾ?"

ತೋಟದಲ್ಲಿ ಹುಡುಕಾಟ

ಕ್ರಿಸ್‌ಮಸ್ ಪರೀಕ್ಷೆಯಲ್ಲಿ ಹುಡುಗ ಮಲಯಾಳದಲ್ಲಿ ಬಿದ್ದ. ಕ್ಲಾಸ್ ಟೀಚರ್ ಅಪ್ಪನಿಗೆ ಫೋನ್ ಮಾಡಿ, "ಮೋನ್ ತೋಟ್ಟು ಪೋಯಿ" ಅಂದರು. ನಿಮ್ಮ ಮಗ ಸೋತುಹೋದ, ಫೇಲಾದ ಅಂತ. ಅಪ್ಪನಿಗೆ ಕೇಳಿಸಿದ್ದು ಮಗ ತೋಟಕ್ಕೆ ಹೋದ ಅಂತ. ಶಾಲೆ ತಪ್ಪಿಸಿ ತೋಟ ತಿರುಗ್ತಾನಾ ಅಂತ ಒಂದು ಕೋಲು ಹಿಡಿದು ಕಾಫಿ ಗಿಡಗಳ ಸಂದಿಯೆಲ್ಲ ಜಾಲಾಡಿದರು. ಹುಡುಗ ಕ್ಲಾಸಿನಲ್ಲೇ ಕೂತಿದ್ದ.

ಸಂಜೆ ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಶಾಲೆಗೇ ಬಂದರು. "ಮೇಡಂ, ಇಡೀ ತೋಟ ನೋಡ್ದೆ. ಇನ್ನಿಬ್ಬರು ಮಕ್ಕಳು ಸಿಕ್ಕಿದ್ರು, ನಮ್ಮವನು ಸಿಗಲಿಲ್ಲ."

ಆ ಇಬ್ಬರ ಅಪ್ಪಂದಿರಿಗೆ ಮರುದಿನ ಫೋನ್ ಹೋಯಿತು.

ಪರೀಕ್ಷೆಯ ದಿನ

ಪಬ್ಲಿಕ್ ಪರೀಕ್ಷೆಯ ಮೊದಲ ದಿನವೇ ಮಲಯಾಳ. ಅದರ ಹಿಂದಿನ ಸಂಜೆ, ಆನೆ ಕಾಟಕ್ಕೆ ನಾಳೆ ಹರತಾಳವಂತೆ ಅಂತ ಸುದ್ದಿ ಹಬ್ಬಿತು. ಹೆಡ್ಮಾಷು ಗಾಬರಿಯಾಗಿ ಪೋಷಕರ ಗ್ರೂಪಿಗೆ ದನಿಯಲ್ಲೇ ಕಳಿಸಿದರು: "ನಾಳೆ ಅವಧಿ ಇಲ್ಲ. ಅವಧಿ ಇಲ್ಲವೇ ಇಲ್ಲ." ಮಲಯಾಳದಲ್ಲಿ ಅವಧಿ ಅಂದರೆ ರಜೆ. ಹುಡುಗ ಕೇಳಿದ್ದರೆ ತಿಳಿಯುತ್ತಿತ್ತು. ಫೋನ್ ಇದ್ದದ್ದು ಅಪ್ಪನ ಕೈಯಲ್ಲಿ. ಅವರ ಕನ್ನಡದಲ್ಲಿ ಅವಧಿ ಅಂದರೆ ಕ್ಲಾಸಿನ ಪಿರಿಯಡ್ಡು. "ಪರೀಕ್ಷೆ ಮುಂದಕ್ಕೆ ಹೋಯ್ತು ಮಗಾ" ಅಂದುಬಿಟ್ಟರು.

ಬೆಳಿಗ್ಗೆ ನಾನು ಹೋದರೆ ಮನೆಗೆ ಬೀಗ. ಪೊನ್ಕುಳಿ ದೇವಸ್ಥಾನಕ್ಕೆ ಹೋದರು ಅಂತ ಪಕ್ಕದ ಮನೆಯವರು ಹೇಳಿದರು. ನಾನು ಜೀಪು ಓಡಿಸಿದ ರಭಸಕ್ಕೆ ಹೆದ್ದಾರಿಯ ಕೋತಿಗಳೇ ದಾರಿ ಬಿಟ್ಟವು. ದೇವಸ್ಥಾನದಲ್ಲಿ ಅಪ್ಪ ಮಗ ಇಬ್ಬರೂ ಕೈಮುಗಿದು ನಿಂತಿದ್ದರು, ಮಲಯಾಳ ಒಂದು ಪಾಸಾಗಲಿ ಅಂತ.

"ಪರೀಕ್ಷೆ ಇವತ್ತೇ, ಜೀಪು ಹತ್ತು" ಅಂದೆ.

ಅಪ್ಪ ಒಪ್ಪಲಿಲ್ಲ. ಪೂಜಾರಿಯ ಮುಂದೆ ಫೋನ್ ಹಿಡಿದು ಹೆಡ್ಮಾಷಿನ ದನಿ ಕೇಳಿಸಿದರು. ಪೂಜಾರಿ, "ಸರಿಯಾಗೇ ಇದೆ. ಅವಧಿ ಇಲ್ಲ, ಹೋಗಿ" ಎಂದರು.

"ಅವಧಿ ಇಲ್ಲದ ಮೇಲೆ ಯಾಕೆ ಹೋಗ್ಬೇಕು ಸ್ವಾಮಿ?"

"ಅವಧಿ ಇದ್ದಿದ್ದರೆ ಹೋಗಬೇಕಾಗಿರಲಿಲ್ಲ."

ಅವರಿಬ್ಬರೂ ಅದನ್ನು ತೀರ್ಮಾನಿಸುವುದರೊಳಗೆ ನಾನು ಹುಡುಗನನ್ನು ಜೀಪಿಗೆ ಹಾಕಿಕೊಂಡು ಹೊರಟಿದ್ದೆ. ದಾರಿಯುದ್ದಕ್ಕೂ ನನಗೆ ಗೊತ್ತಿದ್ದ ಮಲಯಾಳವನ್ನೆಲ್ಲ ಅವನ ಕಿವಿಗೆ ಸುರಿದೆ: ಪದ್ಯ, ವ್ಯಾಕರಣ, ಪ್ರಬಂಧ, ಏನೂ ಬಿಡಲಿಲ್ಲ. ಗೇಟು ಮುಚ್ಚುವ ಹೊತ್ತಿಗೆ ಅವನನ್ನು ಒಳಗೆ ತಳ್ಳಿದೆ.

ಹುಡುಗ ಪಾಸಾದ. ಶಾಲೆಗೆ ನೂರಕ್ಕೆ ನೂರು. ಸನ್ಮಾನದ ದಿನ ಹೆಡ್ಮಾಷು ಅವನನ್ನು ಮೈಕಿನ ಮುಂದೆ ನಿಲ್ಲಿಸಿ, ಮಲಯಾಳ ಹೇಗೆ ಗೆದ್ದೆ, ಯಾರು ಸಹಾಯ ಮಾಡಿದರು ಅಂತ ಕೇಳಿದರು. ನಾನು ಕಾಲರ್ ಸರಿಮಾಡಿಕೊಂಡು ಎದ್ದು ನಿಂತೆ.

"ಜೀಪಿನ ಅಣ್ಣ, ಮಾಷೆ. ದಾರೀಲಿ ಹೇಳಿದ್ದೆಲ್ಲ ಚೆನ್ನಾಗಿ ನೆನಪಿಟ್ಕೊಂಡೆ. ಅದೊಂದು ಬಿಟ್ಟು ಬೇರೆಲ್ಲ ಬರೆದೆ."

ಇಡೀ ಸಭೆ ನಕ್ಕಿತು. ನಗಲಿ. ನಾನು ಹೇಳದೇ ಹೋಗಿದ್ದರೆ ಏನನ್ನು ಬಿಡಬೇಕು ಅಂತ ಅವನಿಗೆ ಹೇಗೆ ಗೊತ್ತಾಗ್ತಿತ್ತು?